ಸಹಿ ಹಾಕದವಳು

"ಈ ಸಾಲು ಬೇಡ," ಎನ್ನುತ್ತ ತಂಗಿ ಮ್ಯಾನೇಜರ ಕೈಯಿಂದ ಹಾಳೆ ತೆಗೆದುಕೊಂಡು ಪೆನ್ನಿನಿಂದ ಅಡ್ಡಗೆರೆ ಎಳೆದಳು.

ಹಜಾರದ ನಡುವೆ ಅಕ್ಕನನ್ನು ಮಲಗಿಸಿದ್ದರು. ಐವತ್ತೆಂಟಕ್ಕೇ ಎದೆ ಕೈಕೊಟ್ಟಿತ್ತು. ನೆರೆಯವರು, ಆಫೀಸಿನವರು ಗೋಡೆಗೊರಗಿ ನಿಂತಿದ್ದರು. ತೀರಿಕೊಂಡವಳ ಬಗ್ಗೆ ನಾಲ್ಕು ಮಾತಾಡಲೆಂದು ಅವಳ ಮ್ಯಾನೇಜರು ಬರೆದುಕೊಂಡು ಬಂದಿದ್ದರು. 'ಎಲ್ಲರೊಂದಿಗೂ ಹೊಂದಿಕೊಂಡು ಹೋಗುವ ಸ್ವಭಾವ' ಎಂಬುದು ಮೂರನೆಯ ಸಾಲು.

"ಯಾಕಮ್ಮ, ಒಳ್ಳೇ ಮಾತೇ ತಾನೆ?"

"ಒಳ್ಳೇ ಮಾತೇ ಸಾರ್. ನಮ್ಮಕ್ಕನ ಬಗ್ಗೆ ಅಲ್ಲ, ಅಷ್ಟೆ. ಅವಳು ನನ್ನ ಜೊತೇನೇ ಹೊಂದ್ಕೊಂಡು ಹೋದೋಳಲ್ಲ."

ಮೂಲೆಯಲ್ಲಿ ಯಾರೋ ನಕ್ಕು, ಕೆಮ್ಮಿದಂತೆ ಮಾಡಿದರು.

* * *

ಅಕ್ಕನ ಕಂಪನಿ ಆಸ್ಪತ್ರೆಗಳಿಗೆ ಎದೆಬಡಿತ ತೋರಿಸುವ ಯಂತ್ರ ಮಾಡುತ್ತಿತ್ತು. ಏಳು ವರ್ಷದ ಹಿಂದೆ ತಯಾರಾದ ಹೊಸ ಯಂತ್ರ, ಆಸ್ಪತ್ರೆಯೊಂದರಲ್ಲಿ ಪರೀಕ್ಷೆಗಿಟ್ಟಾಗ, ಹನ್ನೊಂದು ದಿನ ಚೆನ್ನಾಗಿ ನಡೆದು, ಹನ್ನೆರಡನೆಯ ದಿನ ಪರದೆಯ ಗೆರೆ ಇದ್ದಲ್ಲೇ ನಿಂತುಬಿಡುತ್ತಿತ್ತು.

ತಂಗಿಯದು ಲೈಬ್ರರಿಯಲ್ಲಿ ಪುಸ್ತಕ ಕೊಡುವ ಕೆಲಸ. ಊಟಕ್ಕೆ ಕೂತಾಗ ಅಕ್ಕ ಹೇಳಿದಳು: "ಒಳಗೆ ಕರ್ನೆಲ್ ಅಂತ ಇರತ್ತೆ, ನಿನ್ನ ಥರಾನೇ ಕೌಂಟರ್‌ನಲ್ಲಿ ಕೂತಿರೋದು. ಕೇಳಿದೋರಿಗೆ ಮೆಮೊರಿ ಕೊಡತ್ತೆ, ಕೆಲಸ ಮುಗಿದ ಮೇಲೆ ವಾಪಸ್ ತಗೊಳ್ಳತ್ತೆ. ಯಾರೋ ಒಬ್ಬರು ವಾಪಸ್ ಕೊಡ್ತಿಲ್ಲ."

"ಕಪಾಟು ಖಾಲಿಯಾಗತ್ತೆ."

"ಆಗ ಯಂತ್ರ ನಿಲ್ಲತ್ತೆ. ಪಕ್ಕದಲ್ಲಿ ರೋಗಿ ಮಲಗಿರ್ತಾನೆ."

ಮ್ಯಾನೇಜರಿಗೆ ಅವಸರವಿತ್ತು. "ವಾರಕ್ಕೊಂದ್ಸಲ ಆಫ್ ಮಾಡಿ ಆನ್ ಮಾಡಿ ಅಂತ ಕೈಪಿಡಿಯಲ್ಲಿ ಬರೆದುಬಿಡೋಣ. ಸಹಿ ಹಾಕಿ."

"ಹಾಕಲ್ಲ."

"ಎಲ್ಲರೂ ಹಾಕಿದ್ದಾರಲ್ರೀ."

"ಮತ್ತೆ ನನ್ನದ್ಯಾಕೆ ಬೇಕು?"

ಯಂತ್ರದೊಳಗಿನ ಪ್ರೋಗ್ರಾಂ ಅವಳ ಜವಾಬ್ದಾರಿ; ಅವಳ ಸಹಿಯಿಲ್ಲದೆ ಯಂತ್ರ ಮಾರಾಟಕ್ಕೆ ಹೋಗುವಂತಿರಲಿಲ್ಲ. ಐದು ವಾರ ಅವಳು ಕೊಟ್ಟದ್ದೆಷ್ಟು, ಬಂದದ್ದೆಷ್ಟು ಎಂದು ತಾಳೆ ನೋಡಿದಳು. ಆಫೀಸಿನ ಮೇಜಿನ ಮೇಲೆ, ರೋಗಿಯಿಲ್ಲದೆ, ಎಲ್ಲವೂ ಸರಿಯಾಗಿಯೇ ಇತ್ತು. ಕೊನೆಗೆ ರೋಗಿಯ ಎದೆಗೆ ಅಂಟಿಸುವ ತಂತಿಗಳನ್ನು ತನ್ನ ಮೈಗೇ ಅಂಟಿಸಿಕೊಂಡು ಕೂತಳು. ತುರಿಕೆಯೆಂದು ಕೆರೆದುಕೊಂಡಾಗ ಒಂದು ತಂತಿ ಕಳಚಿತು. ವಾಪಸ್ ಬಾರದ ಮೆಮೊರಿಯ ಲೆಕ್ಕ ಒಂದು ಮೇಲೇರಿತು. ಬೇಕೆಂದೇ ನೂರು ಸಲ ಕಿತ್ತಳು, ನೂರು ಏರಿತು. ತಂತಿ ಕಳಚಿದಾಗ ಪ್ರೋಗ್ರಾಂ ಗಾಬರಿಬಿದ್ದು, ಪಡೆದ ಮೆಮೊರಿ ಹಿಂತಿರುಗಿಸದೆ ಹೊರಬೀಳುತ್ತಿತ್ತು. ಹೊರಬೀಳುವ ಮುನ್ನ ವಾಪಸ್ ಕೊಡು ಎಂದು ಅಲ್ಲೊಂದು ಸಾಲು ಸೇರಿಸಿದಳು.

"ಐದು ವಾರಕ್ಕೆ ಒಂದೇ ಸಾಲಾ?" ಎಂದರು ಮ್ಯಾನೇಜರು.

"ಒಂದೇ ಬೇಕಾಗಿದ್ದಿದ್ದು ಸಾರ್."

ಅವಳು ಸಹಿ ಹಾಕಿದಳು. ಆ ಸಾಲಿನೊಂದಿಗೇ ಯಂತ್ರ ಹೊರಹೋಯಿತು. ತಡ ಮಾಡಿದ್ದಕ್ಕೆ ಅವಳನ್ನು ಹಳೇ ಕಡತಗಳ ಕೋಣೆಗೆ ಹಾಕಿದರು. "ಕಿಟಕಿ ಇಲ್ಲ, ನಿಮ್ಮ ಕಾಟಾನೂ ಇಲ್ಲ," ಎಂದು ಹೋದವಳು ವಾಪಸ್ ಕರೆಸಿಕೊಳ್ಳಿ ಎಂದು ಕೊನೆಯವರೆಗೂ ಕೇಳಲಿಲ್ಲ.

* * *

"ಹಾಗಾದ್ರೆ ಏನು ಹೇಳ್ಲಿ?" ಎಂದು ಮ್ಯಾನೇಜರು ತಗ್ಗಿದ ದನಿಯಲ್ಲಿ ಕೇಳಿದರು.

"ಆಗಿದ್ದನ್ನ ಹೇಳಿ."

ಅವರು ಹಾಳೆ ಮಡಿಚಿ ಜೇಬಿಗಿಟ್ಟರು. "ಸಹಿ ಹಾಕಿ ಅಂತ ನಾನೇ ಹೇಳಿದ್ದೆ. ಇವರು ಹಾಕ್ಲಿಲ್ಲ," ಎಂದರು. ಅಷ್ಟು ಸಾಕೆಂದು ತಂಗಿ ತಲೆಯಾಡಿಸಿದಳು.

ನಾಲ್ಕನೆಯ ಮಹಡಿ, ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸಲಿಲ್ಲ. ಮೆಟ್ಟಿಲಿಳಿಯುವಾಗ ಭಾರವೆಲ್ಲ ಮುಂದಿನವರ ಮೇಲೆ. "ನೀವು ಬಿಡಿಮ್ಮ," ಎಂದು ಎದುರುಮನೆಯವರು ಅಂದರೂ ತಂಗಿ ಮುಂದಿನ ಹಿಡಿಗೇ ಕೈಹಾಕಿದಳು. ಪಕ್ಕದ ಹಿಡಿ ಖಾಲಿಯಿತ್ತು. ಅವಳು ಮ್ಯಾನೇಜರ ಕಡೆ ನೋಡಿದಳು. ಅವರು ಬಂದು ಹಿಡಿದರು.

ಎರಡನೆಯ ಮಹಡಿಯ ತಿರುವಿನಲ್ಲಿ ಅವರಿಗೆ ಏದುಸಿರು ಹತ್ತಿತು. "ಒಂದ್ನಿಮಿಷ ಇಳಿಸಿ ಸುಧಾರಿಸ್ಕೊಳ್ಳೋಣ," ಎಂದರು.

"ಇಳಿಸೋ ಹಾಗಿಲ್ಲ ಸಾರ್."

ಹಣೆಯ ಬೆವರು ಕನ್ನಡಕದ ಮೇಲೆ ಹನಿಯುತ್ತಿತ್ತು. ಒರೆಸಿಕೊಳ್ಳಲು ಅವರಿಗೆ ಕೈ ಬಿಡುವಿರಲಿಲ್ಲ. ಕಣ್ಣು ಕಾಣದೆ, ತಂಗಿ ಒಂದೊಂದೇ ಮೆಟ್ಟಿಲು ಎಣಿಸಿ ಹೇಳುವುದನ್ನು ಕೇಳಿಸಿಕೊಳ್ಳುತ್ತ, ಅವಳಿಟ್ಟಷ್ಟೇ ಹೆಜ್ಜೆ ಇಟ್ಟು ಇಳಿಯತೊಡಗಿದರು.