ಹೊಂದದ ಮುಖ

"ಕಣ್ಣು ಮಿಟುಕಿಸಮ್ಮ, ಇನ್ನೊಂದ್ಸಲ," ಎಂದು ತಪಾಸಣೆಗೆ ಬಂದಿದ್ದ ಮೇಲ್ವಿಚಾರಕಿ ಮೊಬೈಲನ್ನು ರಾಣಿಯ ಮುಖದ ಹತ್ತಿರ ತಂದರು. ರಾಣಿ ಮಿಟುಕಿಸಿದಳು. ಪರದೆಯ ಮೇಲಿನ ಬಿಳಿ ವೃತ್ತ ಸುತ್ತಿ ಸುತ್ತಿ ಕೆಂಪಾಯಿತು. ಮುಖ ಹೊಂದುತ್ತಿಲ್ಲ ಎಂದು ಮತ್ತೆ ತೋರಿಸಿತು. ಅಂಗನವಾಡಿಯ ಜಗಲಿಯಲ್ಲಿ ಕೂತಿದ್ದ ಹೆಂಗಸರು ಕತ್ತು ಚಾಚಿ ನೋಡಿದರು.

"ಸೆರಗು ತೆಗಿ."

ರಾಣಿ ಸೆರಗು ಜಾರಿಸಿದಳು. ಬೋಳಿಸಿದ ತಲೆಯಲ್ಲಿ ಈಗಷ್ಟೇ ಕೂದಲು ಮೂಡುತ್ತಿತ್ತು. ಕೂಸಿಗೆ ಭೇದಿ ಹತ್ತಿ ಅದು ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿಸಿಕೊಂಡು ಮಲಗಿದ್ದಾಗ ಅವಳು ಮಾದಪ್ಪನಿಗೆ ಮುಡಿ ಕೊಡುವ ಹರಕೆ ಹೊತ್ತಿದ್ದಳು. ಕೂಸು ಉಳಿಯಿತು. ಬೆಟ್ಟಕ್ಕೆ ನಡೆದೇ ಹೋಗಿ ಮುಡಿ ಕೊಟ್ಟು ಬಂದಳು. ಅಷ್ಟರಲ್ಲಿ ಅವಳ ಕೆನ್ನೆಗಳೂ ಒಳಕ್ಕೆ ಹೋಗಿದ್ದವು. ಆಧಾರ್ ಕಾರ್ಡಿನಲ್ಲಿ ಇದ್ದದ್ದು ಮದುವೆಗೆ ಮುಂಚಿನ, ಗುಂಡು ಮುಖದ, ಎರಡು ಜಡೆಯ ಹುಡುಗಿ.

ಮೊದಲೆಲ್ಲ ಟೀಚರ್ ಶಿವರತ್ನಮ್ಮ ಹೆಸರು ಕೂಗಿ ಕೂಸಿನ ಪಾಲಿನ ಪುಷ್ಟಿ ಹಿಟ್ಟಿನ ಪೊಟ್ಟಣ ಕೊಟ್ಟು ಕಳಿಸುತ್ತಿದ್ದಳು. ದಿಲ್ಲಿಯಿಂದ ಹೊಸ ಆದೇಶ ಬಂದ ಮೇಲೆ, ತಾಯಿಯ ಮುಖದ ಗುರುತು ಮೊಬೈಲಿಗೆ ಸಿಕ್ಕರೆ ಮಾತ್ರ ಪೊಟ್ಟಣ. ಕಳ್ಳ ಹೆಸರುಗಳನ್ನು ಹಿಡಿಯುವುದಕ್ಕೆ ಇದು ಎಂದು ಸಭೆಯಲ್ಲಿ ಹೇಳಿದ್ದರಂತೆ. ಹೋದ ತಿಂಗಳು ಶಿವರತ್ನಮ್ಮ ಸಿಗ್ನಲ್ ಹುಡುಕಿಕೊಂಡು ರಾಣಿಯನ್ನು ನೀರಿನ ಟ್ಯಾಂಕಿನ ದಿಬ್ಬದವರೆಗೂ ಕರೆದೊಯ್ದಿದ್ದಳು. ಅಲ್ಲೂ ಆಗಲಿಲ್ಲ. ಆಧಾರಿಗೆ ಹೊಸ ಫೋಟೋ ತೆಗೆಸಲು ಕೂಲಿ ಬಿಟ್ಟು ಹನೂರಿಗೆ ಹೋದರೆ ಅಲ್ಲಿ ಸರ್ವರ್ ಇರಲಿಲ್ಲ. ಮತ್ತೆ ಹೋದಾಗ ಜನ ಜಾಸ್ತಿ, ಇನ್ನೊಂದು ದಿನ ಬಾ ಎಂದು ಕಳಿಸಿದರು.

ಮೇಲ್ವಿಚಾರಕಿ ಮೊಬೈಲನ್ನು ಸೀರೆಯ ಅಂಚಿಗೆ ಒರೆಸಿದರು. "ಕೂದ್ಲು ಬೆಳೆದ್ಮೇಲೆ ನೋಡೋಣ ಬಿಡಮ್ಮ," ಎಂದರು. ಜಗಲಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು.

ರಾಣಿ ಸೊಂಟದ ಮೇಲಿದ್ದ ಕೂಸನ್ನು ಮುಂದಕ್ಕೆ ಹಿಡಿದಳು. "ಕೂದ್ಲು ಬೆಳೆಯಗಂಟ ಇದು ಏನ್ ತಿನ್ಬೇಕು, ಯೋಳಿ. ಈಗ್ತಾನೆ ತೂಕ ಆಕಿದ್ರಿ. ಇಳ್ದದ ಅಂತ ಅದೇ ಮೊಬೈಲ್ಗ ಒತ್ಕಂಡ್ರಿ. ಕೂಸು ಇರದು ಅದ್ಕ ಗೊತ್ತು, ಅವ್ವ ಇರದು ಗೊತ್ತಿಲ್ವಾ?"

"ರೂಲ್ಸು ನಾನು ಮಾಡಿದ್ದಲ್ಲ."

"ಮಾಡ್ದೋರು ಇಲ್ಲಿಗ ಬರಲ್ಲ. ಬಂದಿರೋರು ನೀವು. ಅದ್ಕೇ ನಿಮ್ಮುನ್ನ ಕೇಳ್ತಾ ಇವ್ನಿ."

ರಾಣಿ ಗೋಡೆಯ ಪಕ್ಕ ಜೋಡಿಸಿಟ್ಟಿದ್ದ ಪೊಟ್ಟಣಗಳಲ್ಲಿ ಒಂದನ್ನು ಎತ್ತಿಕೊಂಡು ಹಲ್ಲಿನಿಂದ ಕಚ್ಚಿ ಹರಿದಳು. ಹಿಟ್ಟು ಕುಪ್ಪಸದ ಮೇಲೆಲ್ಲ ಚೆಲ್ಲಿತು. ಮೇಲ್ವಿಚಾರಕಿ ದಡಕ್ಕನೆ ಎದ್ದು, ಸ್ಟಾಕು ಕಮ್ಮಿ ಬಂದರೆ ಶಿವರತ್ನಮ್ಮನ ಕೆಲಸಕ್ಕೇ ಕುತ್ತು, ನೆನಪಿರಲಿ ಎಂದರು.

ರಾಣಿಯ ಕೈ ಅಲ್ಲೇ ನಿಂತಿತು. ಟೀಚರ್ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಹರಿದ ಪೊಟ್ಟಣ ಹಿಡಿದುಕೊಂಡು, ಎಲ್ಲಿಡುವುದೆಂದು ತಿಳಿಯದೆ ನಿಂತಳು. ಬಾಗಿಲಲ್ಲಿ ನಿಂತಿದ್ದ ಶಿವರತ್ನಮ್ಮ ಯಾರನ್ನೂ ನೋಡದೆ ಒಳಗೆ ಹೋದಳು. ಸ್ಟೌ ಹೊತ್ತಿದ ಸದ್ದು, ಪಾತ್ರೆಗೆ ನೀರು ಬಿದ್ದ ಸದ್ದು ಕೇಳಿಸಿತು.

"ತಕಂಡ್ ಬಾ ರಾಣಿ," ಎಂದಳು ಒಳಗಿನಿಂದ. "ನೀರು ಕಾಯ್ತಾ ಅದ."

ಮೇಲ್ವಿಚಾರಕಿಯ ಎದುರಿಗೇ ಕೂಸು ಗಂಜಿ ತಿಂದಿತು. ಅವರು ಅದನ್ನು ನೋಡಲಾರದೆ ಜೀಪಿನ ಕಡೆ ನಡೆದರು.

ವಾರದೊಳಗೆ ಶಿವರತ್ನಮ್ಮನಿಗೆ ನೋಟಿಸು ಬಂತು. ಊರಿಗೆಲ್ಲ ಸುದ್ದಿಯಾಯಿತು. ಟೀಚರಿಗೆ ತಾನೇ ಮುಳುವಾದೆ ಎಂದು ರಾಣಿ ಅವಳ ಮನೆ ಬಾಗಿಲಿಗೆ ಹೋದಳು. ಶಿವರತ್ನಮ್ಮ ಕಾಫಿ ಕೊಟ್ಟು ಕಳಿಸಿದಳು.

ಮುಂದಿನ ತಿಂಗಳು ಪೊಟ್ಟಣ ಹಂಚುವ ದಿನ ರಾಣಿಯ ಮುಖ ಮತ್ತೆ ಹೊಂದಲಿಲ್ಲ. ಶಿವರತ್ನಮ್ಮ ರಾಣಿಯ ಪಕ್ಕದ ಮನೆಯ ಪುಷ್ಪಳನ್ನು ಕರೆದಳು. ಪುಷ್ಪಳ ಮುಖವನ್ನು ಮೊಬೈಲು ಯಾವಾಗಲೂ ಕ್ಷಣದಲ್ಲಿ ಹಿಡಿಯುತ್ತಿತ್ತು. ಅವಳು ಮಗುವನ್ನು ಕೆಳಗೆ ಬಿಟ್ಟು ಮುಂದೆ ಬಂದು ಕೂತಳು. ಕೂತವಳು ಸೆರಗನ್ನು ಮುಖದ ಮೇಲಿಂದ ಗದ್ದದವರೆಗೂ ಎಳೆದುಕೊಂಡಳು.

"ಸೆರಗು ಎತ್ತು ಪುಷ್ಪ."

"ರಾಣಿಗ ಕೊಟ್ಮೇಲ ಎತ್ತೀನಿ."

ರಾಣಿಗೆ ರೇಗಿತು. ನನ್ನ ಹೆಸರಲ್ಲಿ ನಿಮ್ಮ ಕೂಸುಗಳನ್ನು ಉಪವಾಸ ಕೆಡವಬೇಡಿ ಎಂದು ಗದರಿದಳು. ಯಾರೂ ಎದ್ದು ಹೋಗಲಿಲ್ಲ. ಪುಷ್ಪಳ ಹಿಂದಿದ್ದವಳು ಮುಖದ ಮೇಲೆ ಸೆರಗು ಇಳಿಸಿದಳು, ಅವಳ ಪಕ್ಕದವಳೂ ಇಳಿಸಿದಳು. ಇವತ್ತು ಒಬ್ಬರ ಮುಖವೂ ಮೊಬೈಲಿಗೆ ಏರದಿದ್ದರೆ ಮೇಲಿನವರು ಕೇಳುತ್ತಾರೆ ಎಂದು ಶಿವರತ್ನಮ್ಮ ಮೆಲ್ಲಗೆ ಹೇಳಿದಳು.

"ಕೇಳ್ಲಿ," ಎಂದಳು ಪುಷ್ಪ ಸೆರಗಿನೊಳಗಿಂದ.

ಶಿವರತ್ನಮ್ಮ ಮೊಬೈಲು ಹಿಡಿದೇ ಇದ್ದಳು. ಪುಷ್ಪಳ ಮಗು ಅಂಬೆಗಾಲಿಟ್ಟು ಬಂದು, ತಾಯಿಯ ಮೊಣಕಾಲು ಹಿಡಿದು ಎದ್ದು ನಿಂತಿತು. ಸೆರಗಿನೊಳಕ್ಕೆ ತಲೆ ತೂರಿಸಿ ಒಳಗೇ ನಗತೊಡಗಿತು.