ಉತ್ತರದ ಬಯಲು, ದಕ್ಷಿಣದ ನದಿ

ಈ ಸಲ ಯಾವ ದಾರಿ ಎಂದು ತುನುಳನ್ನೇ ಕೇಳಿದರು. ಕೇಳಿದವರು ಇರಿಂಗಾ ಊರಿನ ಸಫಾರಿ ಕಚೇರಿಯ ಒಡತಿ ಕಿಬಿಕಿ ಅಮ್ಮ. ತುನು ಮೂರು ವರ್ಷದಿಂದ ಅವರ ಡೇರೆಗಳಲ್ಲಿ ಅಡುಗೆ ಮಾಡುತ್ತಿದ್ದಳು, ಯಾವಾಗಲೂ ದಕ್ಷಿಣದ ದಾರಿಯಲ್ಲೇ.

"ಸೆರೆಂಗೆಟಿ ಗಾಡಿಗೆ ಅಡುಗೆಯವಳು ಬೇಕು ಕಣೇ. ಮಳೆ ಬರೋ ತನಕ ಅಲ್ಲೇ ಇರ್ಬೇಕು. ಇಲ್ಲಾಂದ್ರೆ ನಿನ್ನ ಹಳೇ ರುವಾಹ ನದಿ ಎಲ್ಲಿಗೂ ಹೋಗಿಲ್ಲ. ನಾಳೆ ಎರಡೂ ಗಾಡಿ ಹೊರಡುತ್ತೆ. ಪಾತ್ರೆ ಯಾವುದಕ್ಕೆ ಏರಿಸ್ತೀಯೋ ನೋಡು."

ಸೆರೆಂಗೆಟಿಯ ಆ ಉತ್ತರದ ಬಯಲನ್ನು ತುನು ಕಂಡವಳಲ್ಲ. ಆದರೆ ಕಣ್ಣು ಮುಚ್ಚಿದರೆ ಅಲ್ಲಿ ನಡೆಯುತ್ತಿದ್ದಳು. ಮುಗಿಯದ ಹುಲ್ಲು, ಅದರ ಮೇಲೆ ಮೋಡದ ನೆರಳೋ ವೈಲ್ಡ್‌ಬೀಸ್ಟ್ ಹಿಂಡೋ ಎಂದು ತಿಳಿಯದ ಹಾಗೆ ಸರಿಯುವ ಕಪ್ಪು. ದಕ್ಷಿಣವಾದರೆ ಅಂಗೈ ಗೆರೆಯಷ್ಟು ಪರಿಚಯ. ಹೊಟ್ಟೆ ಊದಿದ ಆನೆಹುಣಸೆ ಮರಗಳು, ಒಣಗಿದ ನದಿಯ ಮರಳಲ್ಲಿ ಸೊಂಡಿಲಿಂದ ಒರತೆ ತೋಡುವ ಆನೆಗಳು. ಮತ್ತೆ, ಚಾಲಕ ಹೌಲೆ.

ಹೌಲೆ ನ್ಗೋನಿ ಕುಲದವನು, ತುನು ಹೆಹೆ ಕುಲದವಳು. ಅವರ ಅಜ್ಜಂದಿರ ಅಜ್ಜಂದಿರು ಈಟಿ ಹಿಡಿದು ಕಾದಾಡಿದ್ದರು. ಈಟಿ ಹೋಗಿ ಈಗ ಉಳಿದಿರುವುದು ಉತಾನಿ. ಎರಡು ಕುಲದವರೂ ಒಬ್ಬರನ್ನೊಬ್ಬರು ಏನು ಬೇಕಾದರೂ ಹಂಗಿಸಬಹುದು, ಸಿಟ್ಟಾಗುವಂತಿಲ್ಲ.

"ಓಡಿಹೋದವರ ಮಗಳೇ, ಅನ್ನ ಆಯ್ತಾ? ಇಲ್ಲಾ ನಿಮ್ಮಜ್ಜನ ಹಾಗೆ ಬಿಸಿ ತಾಗಿದ ಕೂಡ್ಲೇ ಅದೂ ಗುಡ್ಡ ಹತ್ತಿತಾ?" ಎಂದು ಅವನು ದಿನವೂ ಕೇಳುವನು. ಒಮ್ಮೆ, "ನೀನಿಲ್ಲದ ಡೇರೆ ಡೇರೆನೇ ಅಲ್ಲ" ಎಂದಿದ್ದ. ಅವಳು ಸೌಟು ಬಿಟ್ಟು ತಿರುಗಿದಳು. ಅಷ್ಟರಲ್ಲೇ "ನೊಣ ಓಡಿಸೋರು ಬೇಕಲ್ಲಪ್ಪಾ" ಎಂದುಬಿಟ್ಟ. ಆ ಮಾತಿನಲ್ಲಿ ಕಾಳು ಯಾವುದು ಹೊಟ್ಟು ಯಾವುದು ಎಂದು ಕೇರಿ ನೋಡುವುದರಲ್ಲೇ ಅವಳ ಮೂರು ವರ್ಷ ಕಳೆದಿತ್ತು.

ಮಧ್ಯಾಹ್ನ ಅವಳು ಕಚೇರಿಯ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಜಕರಂದ ಮರ ನೀಲಿ ಹೂವನ್ನು ಒಂದೊಂದಾಗಿ ಪಾತ್ರೆಯ ನೀರಿಗೆ ಇಳಿಬಿಡುತ್ತಿತ್ತು. ಹೌಲೆ ಬಂದು ದೂರದಲ್ಲೇ ನಿಂತ. ತಲೆಯ ಟೋಪಿ ತೆಗೆದ.

"ತುನು ಅವರೇ, ಉತ್ತರಕ್ಕೆ ಕರೆದಿದ್ದಾರಂತೆ. ಅಲ್ಲಿ ಬೆಳಗಿನ ಜಾವ ಚಳಿ. ಕಂಬಳಿ ಇಟ್ಕೊಳ್ಳಿ."

ಅಷ್ಟೇ. ಹಂಗಿಸಲಿಲ್ಲ, ನಗಲಿಲ್ಲ. ತುನು ತಲೆ ಎತ್ತುವಷ್ಟರಲ್ಲಿ ಅವನು ಹೋಗಿಯಾಗಿತ್ತು. ಉತಾನಿಯನ್ನೇ ಕಿತ್ತುಕೊಂಡು ಹೋದನಲ್ಲ, ನಾನು ಅಷ್ಟು ಹೊರಗಿನವಳಾದೆನೇ ಎಂದುಕೊಂಡಳು. ಕಣ್ಣೀರು ಒರೆಸಿಕೊಂಡು ಒಳಗೆ ಹೋಗಿ, "ನಾನು ಉತ್ತರಕ್ಕೇ ಹೋಗ್ತೀನಮ್ಮ. ಹೌಲೆ ನನ್ನ 'ಅವರೇ' ಅಂದ" ಎಂದಳು.

ಕಿಬಿಕಿ ಅಮ್ಮ ಚಹಾ ಕುಡಿಯುತ್ತಿದ್ದವರು ನಗು ತಡೆಯಲಾರದೆ ಕೆಮ್ಮಿದರು.

"ಅಯ್ಯೋ ಹುಚ್ಚಿ! ನ್ಗೋನಿ ಗಂಡಸು ಹೆಹೆ ಹುಡುಗಿಗೆ ಮರ್ಯಾದೆ ಕೊಡೋಕೆ ಶುರುಮಾಡಿದ ಅಂದ್ರೆ, ಅವಳಮ್ಮನ ಮುಂದೆ ಕೈಕಟ್ಟಿ ಕೂರೋ ಆಸೆ ಬಂದಿದೆ ಅಂತ. ಹೆಣ್ಣು ಕೇಳೋ ಮನೇಲಿ ಯಾರಾದ್ರೂ ಹಂಗಿಸ್ತಾರಾ?"

ತುನುಳ ಕಿವಿ ಬಿಸಿಯಾಯಿತು. ಆ ರಾತ್ರಿ ಅವಳ ಕನಸಿನಲ್ಲಿ ಬಯಲೂ ನದಿಯೂ ಒಂದರೊಳಗೊಂದು ಹರಿದವು. ಹುಲ್ಲಿನ ನಡುವೆ ಆನೆಗಳು ನೀರು ತೋಡುತ್ತಿದ್ದವು.

ಬೆಳಿಗ್ಗೆ ಹೌಲೆ ದಕ್ಷಿಣದ ಗಾಡಿಯ ಗಾಜು ಒರೆಸುತ್ತಿದ್ದ. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದ. ತುನು ಹತ್ತಿರ ಹೋದಳು.

"ನಿನ್ನೆ ಅಂದಿದ್ದು ತಮಾಷೆನಾ?"

"ಅಲ್ಲ."

"ಹಾಗಾದ್ರೆ ಬಾ ಅಂತ ಯಾಕೆ ಕರೀಲಿಲ್ಲ?"

ಅವನು ಬಟ್ಟೆ ಹಿಂಡುತ್ತ ನಿಂತ. "ಬಂದ ಅತಿಥಿಗಳನ್ನೆಲ್ಲ ಆ ಬಯಲು ಹೇಗಿದೆ ಅಂತ ಕೇಳ್ತಿದ್ರಿ. ನಾನು ಬಾ ಅಂದ್ರೆ ಬಂದುಬಿಡ್ತೀರಿ. ಆಮೇಲೆ ಬದುಕಿಡೀ ಉತ್ತರದ ಕಡೆ ನೋಡ್ತಾ ರೊಟ್ಟಿ ಸುಡ್ತೀರಿ. ಅದು ಬೇಡ."

ತುನು ನೆಲ ನೋಡುತ್ತಲೇ ಹೇಳಿದಳು. "ಮಳೆ ಬಂದ್ರೆ ನಿಮ್ಮ ದಾರಿ ಮುಚ್ಚುತ್ತೆ. ಆಗ ನಾನು ನಮ್ಮಮ್ಮನ ಮನೇಲಿ ಇರ್ತೀನಿ. ದೊಡ್ಡವರನ್ನ ಕಳಿಸೋದಿದ್ರೆ ಆಗ ಕಳಿಸಿ. ಈಗ ನಾನು ನೋಡ್ಕೊಂಡು ಬರ್ತೀನಿ."

ಹೌಲೆ ದೊಡ್ಡ ಪಾತ್ರೆಯನ್ನು ತಾನೇ ಹೊತ್ತು ಉತ್ತರದ ಗಾಡಿಗೆ ಏರಿಸಿದ.

ಬಿಸಿಲೇರುವ ಹೊತ್ತಿಗೆ ಗಾಡಿ ಮ್ತೆರಾ ಅಣೆಕಟ್ಟಿನ ಮೇಲೆ ಸಾಗುತ್ತಿತ್ತು. ಎಂದೋ ಮುಳುಗಿದ ಮರಗಳು ಎಲೆಯಿಲ್ಲದೆ ನೀರಿನಲ್ಲಿ ನಿಂತಿದ್ದವು, ಕೊಂಬೆಗೊಂದು ಬಿಳಿ ಹಕ್ಕಿ. ತುನು ಕಿಟಕಿಯ ಗಾಜು ಇಳಿಸಿದಳು. ಗಾಳಿಗೆ ಹುಲ್ಲಿನ ವಾಸನೆ ಇತ್ತೋ, ಅವಳಿಗೆ ಹಾಗೆನ್ನಿಸಿತೋ.