ಹೆಸರಿನ ಬಾಕಿ ಕೇಳುತ್ತಿದ್ದ ಐರಿಕ್

ಗೊರೊಮಲ್ ಎಂಬ ಹೆಸರೊಂದು ಎಪ್ಪತ್ತು ವರ್ಷದಿಂದ ನಮ್ಮೂರಿನ ಮೇಲೆ ಬಾಕಿಯಿತ್ತು; ಅದನ್ನು ವಸೂಲು ಮಾಡುವ ಕೆಲಸವನ್ನು ಯಾರೂ ಒಪ್ಪಿಸದೆಯೇ ತಲೆಯ ಮೇಲೆ ಹೊತ್ತುಕೊಂಡವಳು ಐರಿಕ್. ಬಾಣಂತಿಯನ್ನು ನೋಡಲು ಹೋದ ಉಳಿದ ಹೆಂಗಸರು ತೊಟ್ಟಿಲಿಗೆ ಬಗ್ಗಿ ಮೂಗು ಯಾರದು, ಹಣೆ ಯಾರದು ಎಂದು ತೀರ್ಪು ಕೊಡುತ್ತಿದ್ದರೆ, ಈಕೆ ಬಾಗಿಲಲ್ಲೇ ನಿಂತು "ಈ ಸಲ ಯಾರ ಬಾಕಿ ತೀರ್ಸಿದ್ರಿ?" ಎಂದು ಕೇಳುತ್ತಿದ್ದಳು. ಬಾಣಂತಿಯ ಕ್ಷೇಮಸಮಾಚಾರವೆಲ್ಲ ಆಮೇಲೆ.

ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ನಮ್ಮ ಪಡುದಂಡೆಯಲ್ಲಿ ಹೆಸರನ್ನು ಇಷ್ಟ ಬಂದಂತೆ ಆರಿಸುವ ಹಾಗಿರಲಿಲ್ಲ. ಮೊದಲ ಹೆಣ್ಣು ಅಮ್ಮನ ತಾಯಿಯ ಹೆಸರಿಗೆ, ಎರಡನೆಯದು ಅಪ್ಪನ ತಾಯಿಯ ಹೆಸರಿಗೆ. ಮಕ್ಕಳಿಲ್ಲದೆ ಸತ್ತವರ ಹೆಸರನ್ನು ಬಳಗದಲ್ಲಿ ಯಾರಾದರೊಬ್ಬರು ಎತ್ತಬೇಕು. 'ಎತ್ತುವುದು' ಎಂದೇ ನಮ್ಮ ಮಾತು. ಎತ್ತದೆ ಬಿಟ್ಟ ಹೆಸರು ದಾರಿಯ ನಡುವೆ ಬಿದ್ದ ಹೊರೆಯಂತೆ. ಹೋಗಿಬರುವವರೆಲ್ಲ ಕಂಡೂ ಕಾಣದವರಂತೆ ಅದನ್ನು ಬಳಸಿಕೊಂಡು ನಡೆಯಬೇಕಾಗುತ್ತದೆ.

ಐರಿಕ್ ಮಾತ್ರ ಯಾವುದನ್ನೂ ಬಳಸಿಕೊಂಡು ನಡೆದವಳಲ್ಲ. ರಸ್ತೆಯ ನಟ್ಟನಡುವೆ, ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿ, ಎದುರುಗಾಳಿಗೆ ತಲೆ ತಗ್ಗಿಸಿದ ಹೋರಿಯಂತೆ ಬರುತ್ತಿದ್ದ ಆ ಕುಳ್ಳ ಆಕೃತಿಯನ್ನು ಕಂಡು ಬಸ್ಸಿನ ಚಾಲಕನೇ ವೇಗ ಇಳಿಸುತ್ತಿದ್ದ. ಸಮುದ್ರದ ಪಾಲಾದ ತಮ್ಮನ ನೌಕಾಪಡೆಯ ಕೋಟು ಅವಳ ಸರ್ವಋತುವಿನ ಉಡುಪು. ತೋಳುಗಳನ್ನು ಮೂರು ಸಲ ಮಡಚಿ, ಉದುರಿದ ಗುಂಡಿಯ ಜಾಗಕ್ಕೆ ಬಲೆಯ ಹುರಿ ಕಟ್ಟಿಕೊಂಡಿದ್ದಳು. ಅದರ ಜೇಬಿನಲ್ಲಿ ಓಟ್ಸ್ ರೊಟ್ಟಿಯ ತುಂಡು, ದನಕ್ಕೆ ಹಾಕುವ ಔಷಧಿ, ಕೀರ್ತನೆಗಳ ಪುಸ್ತಕ ಮೂರೂ ಒಂದೇ ವಾಸನೆ ಬೀರುತ್ತಿದ್ದವು. ಕಾಗದಪತ್ರಗಳಲ್ಲಿ ಅವಳು 'ಎಫಿ'. ಆ ಕಾಲಕ್ಕೆ ನಮಗೆಲ್ಲ ಮನೆಗೊಂದು ಹೆಸರು, ಸರ್ಕಾರಕ್ಕೊಂದು ಇಂಗ್ಲಿಷ್ ಹೆಸರು ಇರುತ್ತಿತ್ತು. ಅಂಚೆಯವನು "ಎಫಿಗೆ ಕಾಗದ" ಎಂದು ಕೂಗಿದರೆ, ಒಲೆಯ ಮುಂದೆ ಕುಳಿತಲ್ಲಿಂದಲೇ "ಆ ಯಮ್ಮ ಇಲ್ಲಿಲ್ಲ ಕಣಪ್ಪ, ಲಂಡನ್ನಲ್ಲಿ ಕೇಳ್ನೋಡು" ಎನ್ನುತ್ತಿದ್ದಳು. ಅವನು ಐರಿಕ್ ಎಂದು ಕೂಗುವವರೆಗೆ ಏಳುತ್ತಿರಲಿಲ್ಲ.

ಗೊರೊಮಲ್ ಇವಳ ಸೋದರತ್ತೆ. ಊರಿನ ಹುಲ್ಲುಗಾವಲನ್ನು ಜಮೀನ್ದಾರ ಕುರಿ ಸಾಕಣೆಗೆ ಕಿತ್ತುಕೊಂಡಾಗ, ಗಂಡಸರು ಅರ್ಜಿ ಬರೆಯುವುದೋ ಬೇಡವೋ ಎಂದು ಹೊಗೆಬತ್ತಿ ಸೇದುತ್ತ ಕೂತಿದ್ದ ಹೊತ್ತಿನಲ್ಲಿ, ಹಾಡುಹಗಲೇ ತನ್ನ ಎರಡು ಹಸುಗಳನ್ನು ಬೇಲಿ ಮುರಿದು ಒಳಗೆ ನುಗ್ಗಿಸಿದವಳು. ಅವಳ ಹಿಂದೆ ಹನ್ನೊಂದು ಹೆಂಗಸರು. ಸಮನ್ಸು ತಂದ ಅಧಿಕಾರಿಯ ಕೈಯಿಂದ ಕಾಗದ ಕಸಿದು ತಿಪ್ಪೆಗೆ ತುರುಕಿ, "ಇನ್ನೊಂದು ಇದ್ರೆ ಕೊಡಪ್ಪ, ಗೊಬ್ಬರ ಸಾಲ್ದು" ಎಂದಳಂತೆ. ನಲವತ್ತು ದಿನ ಜೈಲು. ಕೆಮ್ಮುತ್ತ ಮರಳಿದವಳು ಆ ವಸಂತದಲ್ಲೇ, ಮದುವೆಯಿಲ್ಲದೆ ಮಕ್ಕಳಿಲ್ಲದೆ, ತೀರಿಕೊಂಡಳು. ಜಮೀನ್ದಾರನ ಪಾರುಪತ್ಯಗಾರ ಅವಳಿಗೆ ಗಂಜಿ ಕೊಟ್ಟ ಎರಡು ಮನೆಯವರನ್ನು ಗೇಣಿಯಿಂದ ಬಿಡಿಸಿದ. ಅಂದಿನಿಂದ, ಹೆಸರೆತ್ತಲು ಹೆದರಿದ ಊರ ಬಾಯಲ್ಲಿ ಅವಳು 'ಆ ಹುಡುಗಿ' ಆದಳು. ಮುಂದೆ ಮೊದಲ ಮಹಾಯುದ್ಧ ಮುಗಿದು ಸರ್ಕಾರ ಜಮೀನು ಹಂಚಿದಾಗ, ಹುಲ್ಲುಗಾವಲು ನಮ್ಮ ಕೈಗೇ ಬಂತು. ಅವಳ ಹೆಸರು ಮರೆತವರ ದನಗಳೆಲ್ಲ ಅಲ್ಲಿ ಮೇದು ಕೊಬ್ಬಿದವು.

ಬಳಗದಲ್ಲಿ ಹೆಣ್ಣು ಹುಟ್ಟಿದಾಗಲೆಲ್ಲ ಐರಿಕ್ ಹೋಗಿ ಕೇಳಿದಳು. ಒಬ್ಬಳಿಗೆ ಅದು ಮುದುಕಿಯ ಹೆಸರೆನಿಸಿತು, ಇನ್ನೊಬ್ಬಳಿಗೆ ಜೈಲಿನ ಹೆಸರು, ಮತ್ತೊಬ್ಬಳಿಗೆ ಗ್ಲಾಸ್ಗೋದಲ್ಲಿ ಯಾರ ನಾಲಿಗೆಗೂ ಹೊರಳದ ಹೆಸರು. ಕೊನೆಗೆ ಉಳಿದದ್ದು ಐರಿಕಳ ಅಣ್ಣನ ಮೊಮ್ಮಗಳು ಮಾರ್ಸಲಿ. ಅವಳ ಎರಡನೆಯ ಹೆಣ್ಣು ಹುಟ್ಟಿದ ವಾರ ಐರಿಕಳಿಗೆ ಎಪ್ಪತ್ತೊಂಬತ್ತು, ಎದೆಯಲ್ಲಿ ಉಬ್ಬಸ. ಇನ್ನೊಂದು ತೊಟ್ಟಿಲಿಗೆ ಕಾಯುವಷ್ಟು ಉಸಿರಿಲ್ಲವೆಂಬುದು ಅವಳಿಗೂ ಗೊತ್ತು, ನಮಗೂ ಗೊತ್ತು.

ಆದರೆ ಸರದಿಯ ಪ್ರಕಾರ ಆ ಕೂಸು ಮಾರ್ಸಲಿಯ ಅತ್ತೆ ಫ್ರಂಗಕಳ ಪಾಲು. ಫ್ರಂಗಕ್ ಆಗಲೇ ತನ್ನ ಹೆಸರಿನ ಅಕ್ಷರ ಕಸೂತಿ ಹಾಕಿದ ಕಂಬಳಿ ಹೊದಿಸಿಯಾಗಿತ್ತು.

"ಐರಿಕಕ್ಕಾ, ಚಾ ಕುಡಿ, ಮಗು ನೋಡು, ಹೊರಡು," ಎಂದಳು ಫ್ರಂಗಕ್. "ಈ ಮನೇಲಿ ನಿನ್ ವಸೂಲಿ ನಡಿಯಲ್ಲ. ಇದು ನನ್ನ ಹಕ್ಕು."

"ಹಕ್ಕು ನಿಂದೇ ಕಣೆ, ಯಾರಿಲ್ಲ ಅಂದ್ರು? ನೀನು ಬದುಕಿದ್ದೀಯ, ಕೂಗಾಡಿ ತಗೋತೀಯ. ಅವಳೆಲ್ಲಿ ಕೂಗ್ತಾಳೆ?"

"ಅಷ್ಟು ಕರುಳು ಚುರುಕ್ ಅನ್ನೋಳು, ನಿನ್ ಹೊಟ್ಟೇಲಿ ಹುಟ್ಟಿದ್ದಕ್ಕೆ ಯಾಕೆ ಇಡ್ಲಿಲ್ಲ? ಊರೋರ ಮಕ್ಕಳೇ ಬೇಕಾ ನಿಂಗೆ?"

ಐರಿಕಳಿಗೂ ಒಬ್ಬಳು ಮಗಳಿದ್ದಳು. ಮೇರಿ ಎಂದು ಹೆಸರಿಟ್ಟಿದ್ದಳು. ಆರು ವರ್ಷಕ್ಕೆ ಕ್ಷಯದಲ್ಲಿ ಹೋಯಿತು. ಅದನ್ನು ಅವಳ ಮುಂದೆ ಎತ್ತಿದವರು ಅದುವರೆಗೆ ಇರಲಿಲ್ಲ. ಅವಳು ಕೋಟಿನ ಹುರಿಯನ್ನು ಬಿಚ್ಚಿ ಮತ್ತೆ ಕಟ್ಟಿದಳು.

"ಹೆದರ್ಕೊಂಡೆ," ಎಂದಳು. "ಪಾರುಪತ್ಯಗಾರ ಬಾಗಿಲಿಗೆ ಬಂದು 'ಮಗೂಗೆ ಏನು ಹೆಸರು' ಅಂತ ಕೇಳಿದ. ಗಂಡ ದೋಣಿ ಮೇಲಿದ್ದ. ಇದ್ದದ್ದು ನಾಲ್ಕು ಎಕ್ರೆ ಗೇಣಿ. ಬಾಯಿಗೆ ಮೇರಿ ಅಂತ ಬಂತು. ಆವತ್ತು ಹೆದರಿಸೋಕೆ ಒಬ್ಬನಿದ್ದ ಫ್ರಂಗಕ್. ಇವತ್ತು ಅವನು ಸತ್ತು ಮಣ್ಣಾಗಿದಾನೆ. ನೀವೆಲ್ಲ ಯಾರಿಗೆ ಹೆದರ್ತಿದೀರಿ?"

ಮಾರ್ಸಲಿ ಹಾಸಿಗೆಯಿಂದಲೇ "ಅಜ್ಜಿ, ಸಾಕು. ಚಾ ಆರೋಗ್ತಿದೆ" ಎಂದಳು. ಅಷ್ಟೇ. ದೀಕ್ಷಾಸ್ನಾನಕ್ಕೆ ಮುಂಚೆ ಹೆಸರನ್ನು ಬಾಯಿಬಿಟ್ಟು ಹೇಳುವುದು ನಮ್ಮಲ್ಲಿ ಅಪಶಕುನ.

ಹಾಗಾಗಿ ಆ ಭಾನುವಾರ ಚರ್ಚಿನಲ್ಲಿ ಯಾರಿಗೂ ಏನೂ ತಿಳಿದಿರಲಿಲ್ಲ. ಹೆಸರು ಹೇಳುವುದು ತಂದೆಯ ಕೆಲಸ. ಫ್ರಂಗಕಳ ಮಗ ತೊರೊಮತ್, ವರ್ಷಕ್ಕೆ ನಾಲ್ಕು ಮಾತಾಡುವ ಬೆಸ್ತ, ಕೂಸನ್ನು ಮೀನಿನ ಬುಟ್ಟಿಯಂತೆ ಎದೆಗೊತ್ತಿಕೊಂಡು ಎದ್ದುನಿಂತ, ಕಿವಿಗಳು ಕೆಂಪಾಗಿದ್ದವು. ಒಮ್ಮೆ ತಾಯಿಯನ್ನು ನೋಡಿದ, ಒಮ್ಮೆ ಹೆಂಡತಿಯನ್ನು. ಆಮೇಲೆ ಪಾದ್ರಿಯ ಕಿವಿಯಲ್ಲಿ ಏನೋ ಹೇಳಿದ. ಪಾದ್ರಿ ಕೂಸಿನ ಹಣೆಗೆ ನೀರು ಮುಟ್ಟಿಸಿ, ಚರ್ಚಿನ ತೊಲೆಗಳಿಗೆಲ್ಲ ಕೇಳುವಂತೆ ಅಂದರು: "ಗೊರೊಮಲ್."

ಚರ್ಚಿನಲ್ಲಿ ನಾವು ಚಪ್ಪಾಳೆ ತಟ್ಟುವವರಲ್ಲ, ಅಳುವವರೂ ಅಲ್ಲ. ಕೀರ್ತನೆ ಶುರುವಾಯಿತು. ಹಿಂದಿನ ಸಾಲಿನಲ್ಲಿದ್ದ ಐರಿಕ್ ಎದ್ದು, ಕೀರ್ತನೆ ಮುಗಿಯುವ ಮೊದಲೇ ಹೊರಗೆ ನಡೆದುಬಿಟ್ಟಳು; ಹಸು ಗಬ್ಬವಾಗಿತ್ತು, ಕರು ಹಾಕುವ ಹೊತ್ತಾಗಿತ್ತು. ಫ್ರಂಗಕ್ ಬಾಗಿಲವರೆಗೂ ಅಟ್ಟಿಸಿಕೊಂಡು ಹೋಗಿ, "ಮುಂದಿನದು ನಂದು! ಕೇಳಿಸ್ತಾ ಮುದುಕಿ? ಮುಂದಿನದು ನಂದು!" ಎಂದು ಕೂಗಿದಳು. ಐರಿಕ್ ತಿರುಗದೆಯೇ, "ಸೊಸೇನ ಕೇಳೇ, ನನ್ನೇನು ಕೇಳ್ತೀಯ!" ಎಂದು ಕೈಬೀಸಿದಳು. ಆ ಚಳಿಗಾಲ ಅವಳು ದಾಟಲಿಲ್ಲ.

ಇಂಥವರು ಎಲ್ಲ ಚಳವಳಿಗಳ ಹಿಂದೆಯೂ ಇರುತ್ತಾರೆ. ಅವರು ವೇದಿಕೆ ಹತ್ತುವುದಿಲ್ಲ, ಅವರ ಬಾಯಲ್ಲಿ ಘೋಷಣೆಯಿಲ್ಲ. ತಾವು ಹೆದರಿದ ದಿನವನ್ನು ಮುಚ್ಚಿಡದೆ, ಗೆದ್ದ ಫಲವನ್ನು ಕೂತು ಉಣ್ಣುವವರ ಮನೆಮನೆಗೆ ಹೋಗಿ ಸೋತವರ ನೆನಪನ್ನು ಕೇಳಿ ಪಡೆಯುವ, ಯಾರಿಗೂ ಬೇಡವಾದ ಪೀಡೆಗಳು. ಅವರಿರುವವರೆಗೆ ನಾವು ಬಾಗಿಲು ಹಾಕಿಕೊಳ್ಳುತ್ತೇವೆ, ಹೋದ ಮೇಲೆ ಕಿವಿಗೊಟ್ಟು ಕಾಯುತ್ತೇವೆ. ಆದ್ದರಿಂದ ನೇರವಾಗಿ ನಿಮ್ಮನ್ನೇ ಕೇಳುತ್ತೇನೆ: ನಿಮ್ಮ ಮನೆತನದಲ್ಲಿ ಅಂಜಿಕೆಗೋ ನಾಚಿಕೆಗೋ ನೀವು ಬಾಯಿಗೆ ತಾರದೆ ಬಿಟ್ಟ ಹೆಂಗಸು ಯಾರು? ನೆನಪಾಯಿತಲ್ಲ. ಬರುವ ಕೂಸಿಗೆ ಅವಳ ಹೆಸರಿಡಿ.